ಕೊನೇ ಸ್ಟಾಪಿನ ಚೌಕ

ಭಾನುವಾರ ಬೆಳಿಗ್ಗೆ ನನ್ನ ಮನೆಯ ಬಾಗಿಲು ಬಡಿಯುವವಳು ಅಕ್ಕ ಒಬ್ಬಳೇ. ಕರೆಗಂಟೆ ಇದೆ, ಕೆಟ್ಟಿಲ್ಲ. ಆದರೂ ಅವಳು ಅಂಗೈಯಿಂದ ಗುದ್ದುತ್ತಾಳೆ, ಪೊಲೀಸರು ಬಂದ ಹಾಗೆ. ಒಳಗೆ ಕಾಲಿಟ್ಟ ಕೂಡಲೇ ಮೊದಲನೆಯ ದೂರು ಬಸ್ಸಿನ ಡ್ರೈವರನ ಮೇಲೆ, ಎರಡನೆಯದು ನನ್ನ ಮನೆಯ ಧೂಳಿನ ಮೇಲೆ.

"ಈ ಮೇಜಿನ ಮೇಲೆ ಬೆರಳಲ್ಲೇ ನಿನ್ನ ನಕ್ಷೆ ಬರೀಬಹುದು ಕಣೇ. ಕಂಪ್ಯೂಟರ್ ಯಾಕೆ ದಂಡ!"

"ನೀನು ಬಂದಿದ್ದು ನನ್ನ ನೋಡೋಕೋ, ಮೇಜು ನೋಡೋಕೋ?"

"ಮೇಜಾದ್ರೂ ಎದುರು ಮಾತಾಡಲ್ಲ."

ಹೀಗೆ ಶುರುವಾಗಿ, ಊಟ, ಜಗಳ, ಒಂದು ಸಣ್ಣ ನಿದ್ದೆ, ಚಹಾ ಎಲ್ಲ ಮುಗಿಸಿ, ಸಂಜೆ ಅವಳನ್ನು ಅದೇ ಬಸ್ಸಿಗೆ ಹತ್ತಿಸಿ ಬಂದರೆ ನನ್ನ ಆ ವಾರದ ಮಾತು ಮುಗಿಯಿತು. ಸೋಮವಾರದಿಂದ ಶನಿವಾರದವರೆಗೆ ನಾನು ಮಾಡುವುದು ಪಾಠ. ಅದನ್ನು ಮಾತು ಎನ್ನಲಾಗುವುದಿಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ಜಿಐಎಸ್ ಪ್ರೊಫೆಸರ್. ಭೂಮಿಯ ಮೇಲೆ ಯಾವುದು ಎಲ್ಲಿದೆ ಎಂದು ಕಂಪ್ಯೂಟರಿಗೆ ಹೇಳಿಕೊಡುವುದು ನನ್ನ ಕಸುಬು. ನಾನು ಈ ವಿದ್ಯೆಗೆ ಬಂದ ಕಾಲದಲ್ಲಿ ಕಾಗದದ ನಕ್ಷೆಯನ್ನು ಬಾಗಿಲಿನಷ್ಟು ದೊಡ್ಡ ಫಲಕಕ್ಕೆ ಅಂಟಿಸಿ, ಒಂದೊಂದೇ ರಸ್ತೆಯ ಮೇಲೆ ಗುಂಡಿ ಒತ್ತುತ್ತಾ ಅದನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೆವು. ನನ್ನ ಮದುವೆಯ ವಯಸ್ಸು ಆ ಫಲಕದ ಮೇಲೆ ಬಗ್ಗಿಯೇ ಕಳೆಯಿತು. ಕತ್ತೆತ್ತಿ ನೋಡುವಷ್ಟರಲ್ಲಿ ಕೇಳುವವರಿಗೂ ಕೇಳಿ ಕೇಳಿ ಸಾಕಾಗಿತ್ತು. ಆಮೇಲೆ ಉಪಗ್ರಹ ಚಿತ್ರಗಳು ಬಂದವು, ಸಮ್ಮೇಳನಗಳು ಬಂದವು, ಒಂದಾದ ಮೇಲೊಂದು ಊರಿನಲ್ಲಿ ಹುದ್ದೆ. ಕೊನೆಗೆ ಈ ಊರಿಗೆ ಬಂದೆ. ಇಲ್ಲಿನ ಲ್ಯಾಬ್ ನೋಡಿ ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಲ್ಯಾಬಿನಲ್ಲಿ ಆಗ ಇದ್ದದ್ದು ಎರಡು ಹಳೆಯ ಕಂಪ್ಯೂಟರು, ಒಂದು ಒಡೆದ ಕುರ್ಚಿ. ಅಕ್ಕ ಇಲ್ಲಿದ್ದಾಳೆಂದು ಬಂದದ್ದು.

ಅಕ್ಕ ಇರುವುದು ಊರಾಚೆ, ಮುಚ್ಚಿಹೋದ ಗಾಜಿನ ಕಾರ್ಖಾನೆಯ ಹಿಂದೆ. ಭಾವ ಅಲ್ಲಿ ಕುಲುಮೆಯ ಮೇಸ್ತ್ರಿಯಾಗಿದ್ದರು. ಅಕ್ಕನ ಕೆಲಸ ಬಾಟಲಿಗಳನ್ನು ದೀಪಕ್ಕೆ ಹಿಡಿದು ಬಿರುಕು ನೋಡುವುದು. ಕಾರ್ಖಾನೆ ಮುಚ್ಚಿದ ಮೇಲೆ ಸುತ್ತಲಿನ ಮನೆಗಳು ಒಂದೊಂದಾಗಿ ಖಾಲಿಯಾದವು. ಭಾವ ತೀರಿಕೊಂಡರು. ಬೇರೆ ಊರಿನಲ್ಲಿರುವ ಮಗ "ಬಾ ಅಮ್ಮಾ" ಎಂದು ಗೋಗರೆದರೂ ಅಕ್ಕ ಜಗ್ಗಲಿಲ್ಲ. ಅವಳಿಗೆ ಸೊಂಟದ ಎಲುಬು ಸವೆದಿದೆ, ಒಂದು ಕಡೆಗೆ ವಾಲಿಕೊಂಡು ನಡೆಯುತ್ತಾಳೆ. ಬಸ್ಸು ಅವಳ ಗೇಟಿನ ಮುಂದೆಯೇ ತಿರುಗುತ್ತದೆ, ಅದೊಂದು ಪುಣ್ಯ. ಕಾರು ಕಳಿಸುತ್ತೇನೆ ಎಂದರೆ, "ತಂಗಿ ಮನೆಗೆ ಬರೋಕೆ ಬಾಡಿಗೆ ಕಾರಾ? ನಾನೇನು ಸಭೆಗೆ ಬರೋ ಮುಖ್ಯ ಅತಿಥೀನಾ?" ಎನ್ನುತ್ತಾಳೆ. ನಾನೇ ಓಡಿಸೋಣವೆಂದರೆ ನನ್ನ ಕಣ್ಣಿಗೆ ಲೈಸೆನ್ಸ್ ಕೊಡುವ ಧೈರ್ಯ ಯಾರಿಗೂ ಬರಲಿಲ್ಲ. ಒಟ್ಟಿನಲ್ಲಿ ಆ ಬಸ್ಸಿದ್ದರೆ ಅಕ್ಕನಿಗೆ ಅಂಗಡಿ, ಔಷಧಿ, ನಾನು. ಇಲ್ಲದಿದ್ದರೆ ಏನೂ ಇಲ್ಲ ಎಂದುಕೊಂಡಿದ್ದೆ.

ಒಂದು ಭಾನುವಾರ ಅವಳು ಬಂದು ಡ್ರೈವರನನ್ನೂ ಬೈಯಲಿಲ್ಲ, ಧೂಳನ್ನೂ ನೋಡಲಿಲ್ಲ. ಸುಮ್ಮನೆ ಕುರ್ಚಿಯಲ್ಲಿ ಕೂತಳು.

"ನಮ್ ಬಸ್ಸಲ್ಲಿ ಚೀಟಿ ಅಂಟಿಸಿದಾರೆ. ಮುಂದಿನ ತಿಂಗಳಿಂದ ಕಾರ್ಖಾನೆವರೆಗೂ ಬರಲ್ವಂತೆ."

"ಯಾಕಂತೆ?"

"ಯಾರೋ ಅಧ್ಯಯನ ಮಾಡಿದಾರಂತೆ. ಅಲ್ಲಿ ಜನಾನೇ ಇಲ್ವಂತೆ. ನಾನೇನು ದೆವ್ವಾನಾ?"

ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಆ ಯಾರೋ ನಾನೇ. ಸಾರಿಗೆ ಇಲಾಖೆಗೆ ಹೊಸ ಬಸ್ ದಾರಿಗಳ ವರದಿ ಹೋದದ್ದು ನನ್ನ ಲ್ಯಾಬಿನಿಂದ, ನನ್ನ ಸಹಿಯೊಂದಿಗೆ.

"ಬಸ್ಸಿಲ್ಲದ ಮೇಲೆ ಅಲ್ಲಿದ್ದು ಏನ್ ಮಾಡ್ಲಿ? ಮಗನ ಹತ್ರ ಹೋಗ್ಬಿಡ್ತೀನಿ," ಎಂದಳು ಅಕ್ಕ. "ನೀನು ದೊಡ್ಡ ಪ್ರೊಫೆಸರು ಅಂತ ಮೆರೀತೀಯಲ್ಲ, ಯಾರಿಗಾದ್ರೂ ಹೇಳಿ ನೋಡು."

ನೋಡ್ತೀನಿ ಎಂದೆ. ಉಳಿದದ್ದನ್ನು ಹೇಳುವುದಕ್ಕೆ ಬಾಯಿ ಬರಲಿಲ್ಲ. ಅಕ್ಕ ಹೊರಟುಹೋದರೆ ಈ ಊರಿನಲ್ಲಿ ನನ್ನನ್ನು "ಏನೇ" ಎನ್ನುವ ಒಂದು ಪ್ರಾಣಿಯೂ ಇರುವುದಿಲ್ಲ. ಈ ವರ್ಷ ಕಳೆದರೆ ನಿವೃತ್ತಿ. ಆಮೇಲೆ "ಮೇಡಂ" ಎನ್ನುವವರೂ ಇರುವುದಿಲ್ಲ. ಅವಳನ್ನು ಬಸ್ಸಿಗೆ ಹತ್ತಿಸಿ ಬಂದು, ಅವಳು ಕೂತಿದ್ದ ಕುರ್ಚಿಯಲ್ಲಿ ದೀಪ ಹಾಕುವುದನ್ನೂ ಮರೆತು ಕೂತಿದ್ದೆ.

ಮರುದಿನ ಲ್ಯಾಬಿಗೆ ಹೋದವಳೇ ನಕ್ಷೆ ತೆರೆದೆ.

ನಗರವನ್ನೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದರಲ್ಲೂ ಎಷ್ಟು ಜನ ವಾಸವಿದ್ದಾರೆ ಎಂದು ತೋರಿಸುವ ನಕ್ಷೆ ನಮ್ಮದು. ಅದರಲ್ಲಿ ನಾನು ತಂದ ಒಂದು ನಿಯಮವಿದೆ. ಐದಕ್ಕಿಂತ ಕಡಿಮೆ ಜನರಿರುವ ಚೌಕದಲ್ಲಿ ಸಂಖ್ಯೆ ಹಾಕಬಾರದು, ಖಾಲಿ ಬಿಡಬೇಕು. ಒಂಟಿ ಮನೆ ಎಲ್ಲಿದೆ, ಒಂಟಿ ಹೆಂಗಸು ಎಲ್ಲಿದ್ದಾಳೆ ಎಂದು ಕಳ್ಳರಿಗೆ ನಾವೇ ಬೆರಳು ಮಾಡಿ ತೋರಿಸಬಾರದಲ್ಲ. ಇದಕ್ಕಾಗಿ ದೇಶ ದೇಶದ ಸಮ್ಮೇಳನಗಳಲ್ಲಿ ಗಂಟಲು ಹರಿದುಕೊಂಡಿದ್ದೇನೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ಐದರಮ್ಮ ಎನ್ನುತ್ತಾರೆ. ಖಾಲಿ ಚೌಕವೆಂದರೆ ಅಲ್ಲಿ ಯಾರೂ ಇಲ್ಲ ಎಂದಲ್ಲ, ಇದ್ದವರ ಬಗ್ಗೆ ನಾವು ಬಾಯಿ ಬಿಡುವುದಿಲ್ಲ ಎಂದು. ಯಾರೂ ಇಲ್ಲದ ಚೌಕಕ್ಕೆ ಸೊನ್ನೆ. ಮೊದಲ ವರ್ಷದವರಿಗೆ ಮೊದಲ ವಾರ ಮಾಡುವ ಪಾಠ ಇದು.

ಬಸ್ಸಿನ ವರದಿಗೆ ಬಳಸಿದ ನಕ್ಷೆಯಲ್ಲಿ ಅಕ್ಕನ ಮನೆಯ ಚೌಕ ಖಾಲಿ ಇರಲಿಲ್ಲ. ಅದರಲ್ಲಿ ಸೊನ್ನೆ ಇತ್ತು.

ನನ್ನ ಕೊನೆಯ ಪಿಎಚ್‌ಡಿ ವಿದ್ಯಾರ್ಥಿನಿಗೆ ಲ್ಯಾಬಿನಲ್ಲಿ ನಿಧಾನಮ್ಮ ಎಂದು ಹೆಸರು. ಒಂದು ಸಾಲು ಬರೆದು ಮೂರು ಸಲ ಓದುವವಳು. ಅವಳನ್ನು ಕೂಗಿದೆ, ಸ್ವಲ್ಪ ಜೋರಾಗಿಯೇ.

"ಇಲ್ಲಿ ಸೊನ್ನೆ ಯಾಕಿದೆ?"

"ಖಾಲಿ ಇತ್ತು ಮೇಡಂ."

"ಖಾಲಿ ಬೇರೆ, ಸೊನ್ನೆ ಬೇರೆ ಅಂತ ನಿಂಗೆ ಇನ್ನೂ ಪಾಠ ಮಾಡ್ಬೇಕಾ?"

"ಗೊತ್ತು ಮೇಡಂ. ಖಾಲಿ ಚೌಕ ಬಂದ ತಕ್ಷಣ ಬಸ್ ದಾರಿ ಲೆಕ್ಕ ಹಾಕೋ ಪ್ರೋಗ್ರಾಮ್ ನಿಂತು ಹೋಗ್ತಿತ್ತು. ಏನ್ ಮಾಡ್ಲಿ ಅಂತ ನಿಮಗೆ ಫೋನ್ ಮಾಡಿದ್ದೆ. ನೀವು ಏರ್‌ಪೋರ್ಟಲ್ಲಿದ್ರಿ. 'ಸದ್ಯಕ್ಕೆ ಸೊನ್ನೆ ಹಾಕಿ ಓಡ್ಸು, ಬಂದ ಮೇಲೆ ನೋಡೋಣ' ಅಂದ್ರಿ."

"ಬಂದ ಮೇಲೆ?"

ನಿಧಾನಮ್ಮ ಕಣ್ಣು ಕೆಳಗೆ ಹಾಕಿದಳು. "ಬಂದ ಮೇಲೆ ಸಹಿ ಹಾಕಿದ್ರಿ ಮೇಡಂ."

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆ ದಿನ ನಾನು ವಿಮಾನ ಹತ್ತಿದ್ದೇ ಐದರ ನಿಯಮದ ಬಗ್ಗೆ ಭಾಷಣ ಮಾಡುವುದಕ್ಕೆ. ಚಪ್ಪಾಳೆಯೂ ಬಿದ್ದಿತ್ತು. ನನಗೆ ನನ್ನ ಮೇಲೆ ಬಂದ ಸಿಟ್ಟನ್ನು ತೀರಿಸಿಕೊಳ್ಳಲು ಯಾರೂ ಸಿಗದೆ, ಕಿಟಕಿಯನ್ನು ದಢಾರನೆ ಮುಚ್ಚಿ ಮತ್ತೆ ತೆಗೆದೆ.

"ಬೈಯೋ ಹಾಗಿದ್ರೆ ಬೈದ್ಬಿಡಿ ಮೇಡಂ," ಎಂದಳು ನಿಧಾನಮ್ಮ.

"ನಿನ್ನನ್ನ ಯಾಕೆ ಬೈಲಿ? ಕೂತ್ಕೋ. ಎಲ್ಲಾ ಮೊದಲಿಂದ ಮಾಡೋಣ."

ಮೂಲ ಅಂಕಿಗಳು ಬೀಗ ಹಾಕಿದ ಕಂಪ್ಯೂಟರಿನಲ್ಲಿರುತ್ತವೆ. ಅದರ ಪಾಸ್‌ವರ್ಡ್ ಇರುವುದು ನನ್ನೊಬ್ಬಳ ಬಳಿ. ತೆರೆದು, ಖಾಲಿ ಬಿಟ್ಟ ಚೌಕಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಒಂದು. ಎರಡು. ಒಂದು. ಒಂದು. ರೈಲು ಹಳಿಯಾಚೆ ಒಬ್ಬರು, ಗೋದಾಮುಗಳ ನಡುವೆ ಒಬ್ಬರು, ಕೆರೆಯ ಪಂಪ್‌ಹೌಸಿನ ಪಕ್ಕ ಇಬ್ಬರು. ಇಷ್ಟು ವರ್ಷ ಇವರನ್ನೆಲ್ಲ ಕಾಪಾಡುತ್ತಿದ್ದೇನೆ ಎಂದು ಬೀಗುತ್ತಿದ್ದೆ. ಒಂದು ದಿನವಾದರೂ ಅವರು ಎಷ್ಟು ಜನ, ಎಲ್ಲೆಲ್ಲಿದ್ದಾರೆ ಎಂದು ಕೂತು ನೋಡಿರಲಿಲ್ಲ. ಅಕ್ಕನ ಚೌಕಕ್ಕೆ ಬಂದಾಗ ಅಲ್ಲಿಯೂ ಒಂದು ಎಂದಿತ್ತು. ಅವಳ ಮನೆ ಗೊತ್ತು, ಗೇಟು ಗೊತ್ತು. ಅವಳು ಅಲ್ಲಿ ಒಬ್ಬಳೇ ಎಂಬುದೂ ಗೊತ್ತಿದ್ದದ್ದೇ. ಆದರೂ ಒಂದು ಎಂದು ಬರೆದದ್ದನ್ನು ನೋಡುವುದು ಬೇರೆಯೇ.

ಆ ವಾರವಿಡೀ ನಾವಿಬ್ಬರೂ ಕೂತು ಲೆಕ್ಕ ತಿದ್ದಿದೆವು. ಒಂಟಿ ಮನೆಗಳನ್ನು ತೋರಿಸದೆ, ಒಂದೊಂದು ಸ್ಟಾಪಿಗೆ ಒಟ್ಟು ಎಷ್ಟು ಜನ ಎಂದು ಮಾತ್ರ ಕೊಡುವ ದಾರಿ ಹುಡುಕಿದವಳು ನಿಧಾನಮ್ಮ. ಶುಕ್ರವಾರ ಪ್ರೋಗ್ರಾಮ್ ಮತ್ತೆ ಓಡಿತು. ಅವಳು ಪರದೆಯ ಕಡೆ ನೋಡಿ, ನಂಬದೆ ಇನ್ನೊಂದು ಸಲ ನೋಡಿ, ಕೈ ತಟ್ಟಿದಳು.

"ಮೇಡಂ, ನಿಲ್ಲಿಸೋ ಪಟ್ಟೀಲಿದ್ದ ಎರಡು ಬಸ್ಸು ಉಳೀತು! ರೈಲು ಹಳಿ ಕಡೇದೂ, ಗೋದಾಮಿನ ಕಡೇದೂ."

"ಗಾಜಿನ ಕಾರ್ಖಾನೆ?"

"ಅದಿಲ್ಲ ಮೇಡಂ. ಆ ಕಡೆ ಚೌಕಗಳೆಲ್ಲ ನಿಜವಾಗ್ಲೂ ಸೊನ್ನೆ. ಕೊನೇ ಸ್ಟಾಪಿಗೆ ಒಬ್ಬರೇ."

"ಆ ಒಬ್ಬರು ನಮ್ಮಕ್ಕ."

ನಿಧಾನಮ್ಮ ನನ್ನ ಕಡೆ ನೋಡದೆಯೇ, "ಅಲ್ಲೊಂದು ಇಪ್ಪತ್ತು ಜನ ಇದ್ದಿದ್ರೆ ಉಳೀತಿತ್ತು ಮೇಡಂ," ಎಂದು ಹೇಳಿ ಚಹಾ ತರುತ್ತೇನೆಂದು ಹೊರಗೆ ಹೋದಳು.

ಅವಳು ಬೇಕೆಂದೇ ಹೋದಳೋ ಏನೋ. ನಾನು ಆ ಚೌಕದ ಮೇಲೆ ಒತ್ತಿ, ಒಂದನ್ನು ಅಳಿಸಿ ಇಪ್ಪತ್ತು ಎಂದು ಹಾಕಿದೆ. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಮೂಲ ಅಂಕಿ ಯಾರೂ ನೋಡಬಾರದೆಂದು ಬೀಗ ಹಾಕಿಸಿದವಳೇ ನಾನು. ಅಕ್ಕನ ಗೇಟಿನ ಮುಂದೆ ಬಸ್ಸು ತಿರುಗುವುದು, ಭಾನುವಾರ ಅವಳು ಬಾಗಿಲು ಗುದ್ದುವುದು ಎಲ್ಲ ಕಣ್ಣ ಮುಂದೆ ಬಂತು. ಆಮೇಲೆ ಇಪ್ಪತ್ತನ್ನು ಅಳಿಸಿ ಒಂದನ್ನೇ ಹಾಕಿದೆ. ಪ್ರಾಮಾಣಿಕಳು ಎಂದು ನನಗೆ ನಾನೇ ಹಾರ ಹಾಕಿಕೊಳ್ಳುವುದಿಲ್ಲ. ಜೀವಮಾನವಿಡೀ ಇದ್ದದ್ದನ್ನು ಇದ್ದಲ್ಲೇ ಇಟ್ಟ ಕೈಗೆ ಬೇರೆ ಮಾಡಲು ಬರಲಿಲ್ಲ. ಚಹಾ ತಂದ ನಿಧಾನಮ್ಮನ ಮೇಲೆ ಸಕ್ಕರೆ ಹೆಚ್ಚಾಯಿತೆಂದು ರೇಗಿದೆ.

ಸಾರಿಗೆ ಕಚೇರಿಯ ಅಧಿಕಾರಿ ಒಳ್ಳೆಯ ಮನುಷ್ಯ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. ತಪ್ಪು ನಮ್ಮದೆಂದು ಹೇಳಿದ್ದಕ್ಕೆ ಅವರೇ ನನಗೆ ಸಮಾಧಾನ ಹೇಳಿದರು. ಆ ಎರಡು ಬಸ್ಸುಗಳನ್ನು ಆಗಲೇ ಓಡುವ ಬಸ್ಸುಗಳ ಪಟ್ಟಿಗೆ ಸೇರಿಸಿದರು. ಆಮೇಲೆ ನಾನು ಕಾರ್ಖಾನೆಯ ಬಸ್ಸಿನ ಮಾತೆತ್ತಿದೆ. ಅಲ್ಲಿ ಒಬ್ಬ ವಯಸ್ಸಾದ ಹೆಂಗಸಿದ್ದಾರೆ, ಸೊಂಟದ ತೊಂದರೆ, ಆ ಬಸ್ಸು ಬಿಟ್ಟರೆ ಅವರಿಗೆ ಗತಿಯಿಲ್ಲ, ಆ ಒಬ್ಬರಿಗೆ ಅದು ಬೇಕೇ ಬೇಕು ಎಂದು ವಾದಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿಮಗೆ ಪರಿಚಯದವರಾ ಮೇಡಂ?"

"ನನ್ನ ಒಡಹುಟ್ಟಿದವಳು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವೇ ಹೇಳಿ. ಪ್ರೊಫೆಸರ್ ಆಗಿ ಹೇಳಿ. ಒಬ್ಬರಿಗೋಸ್ಕರ ಒಂದು ಬಸ್ಸು ಅಷ್ಟು ದೂರ ಓಡ್ಸಬಹುದಾ? ನೀವು ಹೂಂ ಅಂದ್ರೆ ನಾನು ಮೇಲಿನವರ ಹತ್ರ ಮಾತಾಡ್ತೀನಿ."

ತಂಗಿಯಾಗಿ ಹೇಳಿ ಎಂದಿದ್ದರೆ ಹೂಂ ಎನ್ನುತ್ತಿದ್ದೆ. ಇಂಗು ತಿಂದ ಮಂಗನ ಹಾಗೆ ಕೂತೆ. ಆಮೇಲೆ ಚೀಲ ಎತ್ತಿಕೊಂಡು ಎದ್ದೆ.

ಬಸ್ಸು ನಿಲ್ಲುವ ಮೊದಲಿನ ಭಾನುವಾರ ಅಕ್ಕನಿಗೆ ಬರಬೇಡವೆಂದು ಹೇಳಿ ನಾನೇ ಹೋದೆ. ಅಲ್ಲಿಗೆ ಹೋಗಿ ಎಷ್ಟು ಕಾಲವಾಗಿತ್ತೋ. ಪರೀಕ್ಷೆ, ಪ್ರಬಂಧ, ಸಮ್ಮೇಳನ ಎಂದು ಯಾವಾಗಲೂ ಅವಳೇ ಬರುತ್ತಿದ್ದಳು. ಕೊನೆಯ ಕೆಲವು ಸ್ಟಾಪುಗಳಲ್ಲಿ ಬಸ್ಸಿನಲ್ಲಿ ಉಳಿದದ್ದು ನಾನು, ಡ್ರೈವರು. ರಸ್ತೆ ಎಷ್ಟು ಹಾಳಾಗಿತ್ತೆಂದರೆ ಕುಲುಕಾಟಕ್ಕೆ ನನ್ನ ಗಟ್ಟಿ ಸೊಂಟವೇ ಅಯ್ಯೋ ಎಂದಿತು. ಪಕ್ಕದ ಮನೆಗಳಿಗೆ ಬಾಗಿಲು ಕಿಟಕಿಗಳಿರಲಿಲ್ಲ. ಅಕ್ಕನ ಮನೆಯ ಅಂಗಳ ಮಾತ್ರ ಗುಡಿಸಿ ನೀರು ಹಾಕಿತ್ತು. ಒಳಗೆ ಎರಡು ಸೂಟ್‌ಕೇಸು ಆಗಲೇ ಮುಚ್ಚಿ ನಿಂತಿದ್ದವು.

ನಾನು ಎಲ್ಲ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿ ಕೇಳಿದಳು.

"ಅಂದ್ರೆ ಇಲ್ಲಿ ಯಾರೂ ಇಲ್ಲ ಅಂತ ನೀನೇ ಬರೆದ್ಯಾ?"

"ಇಲ್ಲ ಅಂತ ಬರೀಲಿಲ್ಲ. ಖಾಲಿ ಬಿಟ್ಟಿದ್ದೆ. ಅದು ಸೊನ್ನೆ ಆಗೋಯ್ತು."

"ಈಗ?"

"ಈಗ ತಿದ್ದಿದೀನಿ. ಒಂದು ಅಂತ ಹಾಕಿದೀನಿ."

"ಬಸ್ಸು ಬರುತ್ತಾ?"

"ಒಂದಕ್ಕೆ ಬರಲ್ಲ."

ಅಕ್ಕ ನಗಲು ಶುರು ಮಾಡಿದಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಳ್ಳೇ ವಿದ್ಯೆ ಕಲ್ತೆ ಬಿಡು. ಅಮ್ಮ ಇದ್ದಿದ್ರೆ ನಿನ್ನನ್ನ ಬಾಟಲಿ ತೊಳೆಯೋಕೆ ಹಾಕ್ತಿದ್ರು."

ನಾನು ನಗಲಿಲ್ಲ. ದಾರಿಯುದ್ದಕ್ಕೂ ತಯಾರು ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ನನ್ನ ಮನೆಗೆ ಬಂದಿರು, ನೆಲಮಹಡಿ, ಮೆಟ್ಟಿಲಿಲ್ಲ, ಆಸ್ಪತ್ರೆ ಹತ್ತಿರ, ಔಷಧಿ ಅಂಗಡಿ ಇನ್ನೂ ಹತ್ತಿರ, ನಿವೃತ್ತಿಯಾಗಿ ವಿಶ್ವವಿದ್ಯಾಲಯದ ಕ್ವಾರ್ಟರ್ಸ್ ಬಿಟ್ಟ ಮೇಲೆ ಇಂಥದೇ ಇನ್ನೊಂದು ಮನೆ ನೋಡೋಣ.

"ಇದೇನು, ಮನೆ ಬಾಡಿಗೆಗೆ ಕೊಡ್ತಿದೀಯಾ?" ಅಕ್ಕನ ನಗು ಹೋಗಿತ್ತು. "ಈ ಊರಿಗೆ ಬಂದು ಇಷ್ಟ್ ವರ್ಷ ಆಯ್ತು. ಒಂದ್ ಸಲ, ಒಂದೇ ಒಂದ್ ಸಲ, ಇವತ್ತು ಇಲ್ಲೇ ಇರು ಅಂದಿದೀಯಾ? ಸಂಜೆ ಆದ್ರೆ ನೀನು ಬಸ್ಸಿನ ಟೈಮು ನೋಡ್ತಿದ್ದೆ. ಈಗ ಬಸ್ಸು ನಿಂತ್ಮೇಲೆ ಕರೀತೀಯ. ಪಾಪ ಅಂತ ಕರೆಯೋರ ಮನೆಗೆ ನಾನು ಬರಲ್ಲ."

ಸಂಜೆ ನಾನು ಗಡಿಯಾರ ನೋಡುತ್ತಿದ್ದದ್ದು ಅವಳು ಹೋಗಿಬಿಡುತ್ತಾಳಲ್ಲ ಎಂದು. ಅದನ್ನು ಹೇಳಬೇಕಿತ್ತು. ಪಾಪ ನೀನಲ್ಲ, ನಾನು. ನನಗೋಸ್ಕರ ಬಾ ಎನ್ನಬೇಕಿತ್ತು. ಆ ಮಾತು ನಾಲಿಗೆಯ ತುದಿಗೆ ಬಂತು. ಎದುರಿಗೆ ಅವಳ ಸಿಟ್ಟಿನ ಮುಖ, ನನಗೂ ಮೂಗಿನ ತುದಿಯಲ್ಲೇ ಕೋಪ.

"ನಿನ್ನಿಷ್ಟ," ಎಂದೆ.

ಅದೇ ಬಸ್ಸಿನಲ್ಲಿ ವಾಪಸು ಬಂದೆ. ಆ ಬುಧವಾರ ಅವಳ ಮಗ ವ್ಯಾನ್ ತಂದು ಸಾಮಾನು ತುಂಬಿಸಿದ. ನನಗೆ ಪಾಠವಿತ್ತು, ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. "ಚಿಕ್ಕಮ್ಮ, ಅಮ್ಮನ್ನ ಚೆನ್ನಾಗಿ ನೋಡ್ಕೋತೀವಿ," ಎಂದು ದಾರಿಯಿಂದ ಫೋನ್ ಮಾಡಿದ. ಹುಡುಗ ಒಳ್ಳೆಯವನು. ಸಂತೋಷ ಕಣಪ್ಪ ಎಂದೆ.

ಆಮೇಲಿನ ಭಾನುವಾರಗಳಲ್ಲಿ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಒಂದು ಭಾನುವಾರ ಲ್ಯಾಬಿಗೆ ಹೋದೆ, ಕಾವಲುಗಾರ ಒಳಗೆ ಬಿಡಲಿಲ್ಲ. ಇನ್ನೊಂದು ಭಾನುವಾರ ಅನ್ನ ಬೇಯಿಸಿ, ತಿನ್ನುವ ಮನಸ್ಸಾಗದೆ ಹಾಗೇ ಮುಚ್ಚಿಟ್ಟೆ. ಅಕ್ಕನಿಗೆ ಫೋನ್ ಮಾಡೋಣವೆಂದರೆ ಅವಳೇ ಮಾಡಲಿ ಎಂಬ ಹಟ. ಅವಳಿಗೂ ಅದೇ ಹಟ ಎಂದು ಗೊತ್ತಿತ್ತು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ. ಕೊನೆಗೆ ಸೋತವಳು ಅವಳು.

"ಊಟ ಆಯ್ತಾ?" ಎಂದಳು, ನಿನ್ನೆಯಷ್ಟೇ ಮಾತಾಡಿದ ಹಾಗೆ.

"ಆಯ್ತು. ನಿಂದು?"

"ಇಲ್ಲಿ ಹೊತ್ತು ಹೊತ್ತಿಗೆ ಬಡಿಸ್ತಾರೆ. ಸೊಸೆ ಒಳ್ಳೇದು. ಬೈಯೋಕೆ ಏನೂ ಸಿಕ್ತಿಲ್ಲ, ಅದೇ ಬೇಜಾರು."

"ಸೊಂಟ ಹೇಗಿದೆ?"

"ಈಗ ಎಷ್ಟೋ ವಾಸಿ. ಬಸ್ಸಿನ ಕುಲುಕಾಟ ಇಲ್ವಲ್ಲ. ಬಸ್ಸು ಹತ್ತಲೇಬೇಡಿ ಅಂತ ಡಾಕ್ಟ್ರು ಯಾವತ್ತೋ ಹೇಳಿದ್ರು."

"ಮತ್ತೆ ಯಾಕೆ ಹತ್ತುತಿದ್ದೆ? ಔಷಧಿ ತರೋಕೆ ನಂಗೆ ಹೇಳಿದ್ರೆ ತಂದು ಕೊಡ್ತಿರ್ಲಿಲ್ವಾ?"

"ಔಷಧಿ, ತರಕಾರಿ ಎಲ್ಲ ಗಾಡಿಯವನು ಬಾಗಿಲಿಗೇ ತಂದು ಹಾಕ್ತಿದ್ದ ಕಣೇ. ಅದಕ್ಯಾರು ಬಸ್ಸು ಹತ್ತುತಾರೆ?"

"ಮತ್ತೆ?"

ಅವಳ ಹಿಂದೆ ಮಕ್ಕಳು ಓಡಾಡುವ ಸದ್ದು ಕೇಳುತ್ತಿತ್ತು.

"ನೀನೊಬ್ಬಳೇ ಇರ್ತೀಯಲ್ಲೇ," ಎಂದಳು. "ವಾರಕ್ಕೊಂದ್ ಸಲ ಆದ್ರೂ ಯಾರಾದ್ರೂ ಬಂದು ಬೈಬೇಡ್ವಾ ನಿನ್ನ? ಅದಕ್ಕೇ ಅಲ್ಲಿದ್ದೆ. ಇಲ್ದಿದ್ರೆ ಆ ಹಾಳು ಕಾರ್ಖಾನೆ ಹಿಂದೆ ನಂಗೇನಿತ್ತು?"

ಆ ಬಸ್ಸು ಬೇಕೇ ಬೇಕಾದ ಒಬ್ಬರಿದ್ದಾರೆ ಎಂದು ಕಚೇರಿಯಲ್ಲಿ ವಾದಿಸಿ ಬಂದಿದ್ದೆ. ಆ ಒಬ್ಬರನ್ನು ನಾನು ಹಾಕಿದ್ದು ತಪ್ಪು ಚೌಕದಲ್ಲಿ. ಅವರಿದ್ದದ್ದು ನನ್ನ ಮನೆಯ ಚೌಕದಲ್ಲಿ.

"ಅಕ್ಕಾ," ಎಂದೆ. "ನನ್ ಕೈಲಿ ಆಗ್ತಿಲ್ಲ."

ಅಳು ಬಂತು, ಚಿಕ್ಕಂದಿನಲ್ಲಿ ಬಂದ ಹಾಗೆ, ಸದ್ದು ಮಾಡಿಕೊಂಡು. ಅಕ್ಕ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ಕಡೆಯಿಂದ ಯಾರೋ ಅವಳನ್ನು ಕರೆದರು, ಆಮೇಲೆ ಬರ್ತೀನಿ ಎಂದು ಅವರಿಗೆ ಹೇಳಿದಳು. ಫೋನ್ ಇಡಲಿಲ್ಲ.